ರೆಕಾರ್ಡು ಕೊಳ್ಳದವರ ಅಭಿಪ್ರಾಯ

ರಾಜ್‌ಕುಮಾರ್ ಹಾಡುಗಳ ಬಗ್ಗೆ ಬರೆದವರು ಬಹಳ ಜನ. ಎಪ್ಪತ್ತರ ದಶಕದ ಆ ಹಾಡುಗಳಲ್ಲಿ ಯಾವುದು ಮೇಲು, ಯಾವುದು ಕಡಿಮೆ, ಪಿ.ಬಿ. ಶ್ರೀನಿವಾಸ್ ದೊಡ್ಡವರೋ, ರಾಜ್‌ಕುಮಾರ್ ತಾವೇ ಹಾಡಿದ್ದು ದೊಡ್ಡದೋ, ಎಲ್ಲ ಬರೆದಾಗಿದೆ. ಬರೆದವರ ಮನೆಯಲ್ಲಿ ರೆಕಾರ್ಡುಗಳಿದ್ದವು. ಗ್ರಾಮಫೋನಿತ್ತು. ಕೂತು ಕೇಳುವುದಕ್ಕೆ ಪಡಸಾಲೆ ಇತ್ತು. ನಮ್ಮ ಕೇರಿಯಲ್ಲಿ ಇವು ಯಾವುವೂ ಇರಲಿಲ್ಲ. ಅಭಿಪ್ರಾಯ ಮಾತ್ರ ಇತ್ತು. ಅದನ್ನು ಯಾರೂ ಕೇಳಲಿಲ್ಲ, ಯಾರೂ ಬರೆದುಕೊಳ್ಳಲಿಲ್ಲ.

ನಾವು ಅಂದರೆ ಯಾರು ಎಂಬುದನ್ನು ಮೊದಲು ಹೇಳಬೇಕು. ಯಲಬುರ್ಗಾ ತಾಲೂಕಿನ ಎರಿ ಹೊಲದ ನಾಡಿನ ಒಂದು ಊರಿನ ಕೇರಿಯವರು ನಾವು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಯ ತಾಲೂಕುಗಳು. ಕೊಪ್ಪಳ ಜಿಲ್ಲೆ ಆದದ್ದು ೧೯೯೭ರಲ್ಲಿ. ಪ್ರಾಥಮಿಕ ಶಾಲೆ ಮುಗಿಸಿ ಕೊಪ್ಪಳದ ಹಾಸ್ಟೆಲ್ಲಿಗೆ ಬಂದೆವು. ಅಲ್ಲಿ ಕುಷ್ಟಗಿ ಕಡೆಯ ಮಸಾರಿ ನೆಲದ ಹುಡುಗರು, ಗಂಗಾವತಿಯ ಕಾಲುವೆ ಕೆಳಗಿನ ಹುಡುಗರು ಕೂಡಿದರು. ರಾತ್ರಿ ದೀಪ ಆರಿದ ಮೇಲೆ ನಾವು ಮಾತಾಡಿದ್ದು ಪಾಠದ ಬಗ್ಗೆ ಅಲ್ಲ, ಹಾಡಿನ ಬಗ್ಗೆ. ಒಂದೊಂದು ಕೇರಿಯ ಅಭಿಪ್ರಾಯ ಒಂದೊಂದು ಥರ. ಇಲ್ಲಿ ಬರೆಯುತ್ತಿರುವುದು ಆ ಅಭಿಪ್ರಾಯಗಳನ್ನು.

ಹಾಡು ನಮ್ಮ ಕಡೆ ಬರುತ್ತಿದ್ದ ದಾರಿಗಳು ನಾಲ್ಕೇ. ಒಂದು, ಮೈಕ್ ಸೆಟ್ಟು. ಗೌಡರ ಮನೆಯಲ್ಲೋ ಸಾಹುಕಾರರ ಮನೆಯಲ್ಲೋ ಮದುವೆಯಾದರೆ ಪೇಟೆಯಿಂದ ಚಕ್ಕಡಿಯಲ್ಲಿ ಬ್ಯಾಟರಿ, ಪೆಟ್ಟಿಗೆ, ಎರಡು ಹಾರ್ನು ಬರುತ್ತಿದ್ದವು. ಹಾರ್ನುಗಳನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದರು. ಎರಡೂ ಊರ ಕಡೆ ಮುಖ ಮಾಡಿರುತ್ತಿದ್ದವು. ಕೇರಿಗೆ ಬರುತ್ತಿದ್ದದ್ದು ಹಾರ್ನಿನ ಬೆನ್ನಿನ ದನಿ. ಎರಡು, ಪಂಚಾಯ್ತಿ ಕಟ್ಟೆಯ ರೇಡಿಯೋ. ಕಟ್ಟೆ ಮೇಲೆ ಊರವರು ಕೂಡುತ್ತಿದ್ದರು, ನಾವು ಬಯಲಲ್ಲಿ ನಿಲ್ಲುತ್ತಿದ್ದೆವು. ಮೂರು, ಚಾದಂಗಡಿ. ಒಳಗೆ ರೇಡಿಯೋ, ಹೊರಗೆ ನಮ್ಮ ಕಪ್ಪು. ಆ ಕಪ್ಪನ್ನು ಚಪ್ಪರದ ಸಂದಿಯಲ್ಲಿ ಸಿಕ್ಕಿಸಿ ಇಟ್ಟಿರುತ್ತಿದ್ದರು. ನಾವೇ ತೆಗೆದುಕೊಳ್ಳಬೇಕು, ನಾವೇ ತೊಳೆದಿಡಬೇಕು. ಚಾ ಮೇಲಿನಿಂದ ಸುರಿಯುತ್ತಿದ್ದರು. ಹಾಡು ಮುಗಿಯುವ ತನಕ ಚಾ ಮುಗಿಯದಂತೆ ಕುಡಿಯುವುದನ್ನು ನಾವು ಕಲಿತೆವು. ನಾಲ್ಕು, ಜಾತ್ರೆಗೆ ಬರುವ ಟೆಂಟ್ ಸಿನಿಮಾ. ಆಟ ಶುರುವಾಗುವ ಮುಂಚೆ ಹಾಕುವ ರೆಕಾರ್ಡಿಗೆ ಟಿಕೇಟು ಬೇಕಿರಲಿಲ್ಲ. ಟೆಂಟಿನ ಹೊರಗೆ ಕೂತು ಕೇಳಿ ಮನೆಗೆ ಬಂದವರೇ ಹೆಚ್ಚು.

ಮೈಕ್ ಸೆಟ್ಟಿನವನ ಟ್ರಂಕಿನಲ್ಲಿ ಇರುತ್ತಿದ್ದವು ತಟ್ಟೆಗಳು. ಹಳೆಯವು ಹತ್ತಿಂಚಿನ ಭಾರದ ತಟ್ಟೆಗಳು, ನಿಮಿಷಕ್ಕೆ ೭೮ ಸುತ್ತು. ಒಂದು ಮಗ್ಗುಲಿಗೆ ಒಂದೇ ಹಾಡು, ಮೂರು ನಿಮಿಷ. ಹೊಸವು ಏಳಿಂಚಿನ ಹಗುರ ತಟ್ಟೆ, ೪೫ ಸುತ್ತು. ಒಂದು ಸಿನಿಮಾದ ನಾಲ್ಕು ಹಾಡು ಒಂದೇ ತಟ್ಟೆಯಲ್ಲಿ ಹಿಡಿಯುತ್ತಿದ್ದವು. ನಡುವೆ ನಾಯಿ ಕೂತು ಕೊಳವೆಯೊಳಗೆ ಕಿವಿ ಇಟ್ಟ ಚಿತ್ರ. ಆ ಚಿತ್ರ ನೋಡಿ ನಮ್ಮ ದೊಡ್ಡಪ್ಪ ಒಮ್ಮೆ ಅಂದ: “ನೋಡ್ರಲೇ, ನಾಯಿನೂ ಪೆಟಗಿ ಮುಂದ ಕುಂತೈತಿ. ನಾವು ಮಾರು ದೂರ ನಿಂತೀವಿ.” ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ.

ಅದೇ ವರ್ಷಗಳಲ್ಲಿ ದೂರದ ಇಂಗ್ಲೆಂಡಿನಲ್ಲಿ ಗ್ಲಾಮ್ ರಾಕ್ ಅನ್ನುವ ಸಂಗೀತದ ಅಬ್ಬರ ನಡೆದಿತ್ತು. ಡೇವಿಡ್ ಬೋವಿ ಎಂಬ ಗಾಯಕ ಮುಖಕ್ಕೆ ಬಣ್ಣ ಬಳಿದುಕೊಂಡು, ಕೂದಲು ಕೆಂಪು ಮಾಡಿಕೊಂಡು, ಹೊಳೆಯುವ ಉಡುಪು ತೊಟ್ಟು ೧೯೭೨ರಲ್ಲಿ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ವೇಷದಲ್ಲಿ ಹಾಡಿದ. ೨೦೧೬ರಲ್ಲಿ ಆತ ತೀರಿಕೊಂಡ ಮೇಲೂ ಅವನ ಕೇಳುಗರು ವಾದ ಬಿಟ್ಟಿಲ್ಲ. ೧೯೭೨ರ ಆಲ್ಬಮ್ ದೊಡ್ಡದೋ, ೧೯೭೭ರ ‘ಲೋ’ ದೊಡ್ಡದೋ ಎಂದು ಇವತ್ತಿಗೂ ಜಗಳವಾಡುತ್ತಾರೆ. ಅವರು ಆ ತಟ್ಟೆಗಳನ್ನು ಕೊಂಡವರು. ಮನೆಗೆ ಒಯ್ದು ಬಾಗಿಲು ಹಾಕಿಕೊಂಡು ಬೇಕಾದಷ್ಟು ಸಲ ಕೇಳಿದವರು. ನಮಗೆ ಆಲ್ಬಮ್ ಎಂಬ ಲೆಕ್ಕವೇ ಇರಲಿಲ್ಲ. ‘ಇಂಥವರ ಮದುವ್ಯಾಗ ಕೇಳಿದ ಹಾಡು’, ‘ಬರಗಾಲದ ವರ್ಷ ಕೇಳಿದ ಹಾಡು’, ‘ಗಂಗಾವತಿ ಕಡೆ ನಾಟಿಗೆ ಹೋದಾಗ ಕೇಳಿದ ಹಾಡು’ ಇವೇ ನಮ್ಮ ಲೆಕ್ಕ. ಯಾವ ಹಾಡು ಹಾಕಬೇಕು ಎಂದು ನಾವು ಎಂದೂ ಹೇಳಲಿಲ್ಲ. ಹಾಕಿದ್ದನ್ನು ಕೇಳಿದೆವು. ಕೇಳಿದ ಮೇಲೆ ತೂಗಿ ನೋಡಿದೆವು.

ಬರಗಾಲದಿಂದಲೇ ಶುರು ಮಾಡುತ್ತೇವೆ. ‘ಬಂಗಾರದ ಮನುಷ್ಯ’ ಬಂದದ್ದು ೧೯೭೨ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು. ಆ ಸಿನಿಮಾ ನೋಡಿ ಪೇಟೆಯ ನೌಕರಿ ಬಿಟ್ಟು ಹಳ್ಳಿಗೆ ಹೋಗಿ ಬೇಸಾಯ ಮಾಡಿದ ಯುವಕರ ಕತೆಯನ್ನು ಪತ್ರಿಕೆಗಳು ಇವತ್ತಿಗೂ ಬರೆಯುತ್ತವೆ. ನಮ್ಮ ಕಡೆ ಆ ವರ್ಷ ಮಳೆಯೇ ಇಲ್ಲ. ಎರಿ ನೆಲ ಕೈ ಹೋಗುವಷ್ಟು ಬಿರಿದಿತ್ತು. ಕೇರಿಯ ಹೆಣ್ಣುಮಕ್ಕಳು ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯುತ್ತಿದ್ದರು. ಆ ಸಿನಿಮಾದ ಹಾಡುಗಳು ನಮಗೆ ಬಂದದ್ದು ಮರುವರ್ಷ, ಪೇಟೆಯಿಂದ ಹಳ್ಳಿಗೆ ಸಿನಿಮಾ ಬರುವ ನಿಧಾನದಲ್ಲಿ. ಮನಸ್ಸು ಮಾಡಿದರೆ, ಮೈ ಮುರಿದು ದುಡಿದರೆ ಯಾವುದೂ ಅಸಾಧ್ಯವಲ್ಲ ಎಂದು ಹೇಳುವ ಹಾಡು ಅದರಲ್ಲಿತ್ತು. ಪಿ.ಬಿ. ಶ್ರೀನಿವಾಸ್ ದನಿ, ಜಿ.ಕೆ. ವೆಂಕಟೇಶ್ ಸಂಗೀತ. ಊರವರು ಆ ಹಾಡು ಬಂದರೆ ಎದೆ ಉಬ್ಬಿಸಿ ಕೇಳುತ್ತಿದ್ದರು.

ಖಡಿ ಒಡೆದು ಬಂದ ನಮ್ಮ ಆಯಿ ಅದನ್ನು ಕೇಳಿ ಅಂದ ಮಾತು ಇದು: “ದನಿ ಭಾಳ ಚಲೋ ಐತಿ. ಜೇನುತುಪ್ಪ ಹಚ್ಚಿದಂಗ ಐತಿ. ಆದ್ರ ದುಡಿರಿ ದುಡಿರಿ ಅಂತ ಯಾರಿಗೆ ಹೇಳಾಕತ್ತಾನ? ನಮಗ ಹೇಳೂದ್ಯಾಕ?”

ಮುಂದೆ ಟೆಂಟಿಗೆ ಆ ಸಿನಿಮಾ ಬಂತು. ಕೇರಿಯ ಹೆಂಗಸರು ಕೂಲಿ ಉಳಿಸಿ ನೋಡಿ ಬಂದರು. ಕೊನೆಯಲ್ಲಿ ನಾಯಕ ರಾಜೀವ ಎಲ್ಲವನ್ನೂ ಬಿಟ್ಟು ಮನೆಯಿಂದ ಹೊರಟು ಹೋಗುತ್ತಾನೆ. ಊರ ಹೆಂಗಸರು ಸೆರಗಿನಿಂದ ಕಣ್ಣು ಒರಸಿಕೊಂಡರು. ನಮ್ಮವರೂ ಅತ್ತರು. ಆದರೆ ಅತ್ತು ಮನೆಗೆ ಬಂದ ಮೇಲೆ ಚಿಗವ್ವ ಒಂದು ಮಾತು ಆಡಿದಳು: “ಹೊಲ ಇದ್ದಾವ ಬಿಟ್ಟು ಹ್ವಾದ್ರ ತ್ಯಾಗ ಅಂತಾರ. ನಾವು ಊರು ಬಿಟ್ಟು ಹ್ವಾದ್ರ ದುಡ್ಯಾಕ ಹ್ವಾದ್ರು ಅಂತಾರ.” ೧೯೭೪ರಲ್ಲಿ ದೇವರಾಜ ಅರಸು ಸರಕಾರದ ಭೂಸುಧಾರಣಾ ಕಾನೂನು ಬಂತು. ಉಳುವವನೇ ಹೊಲದೊಡೆಯ ಎಂದರು. ಗೇಣಿಗೆ ಮಾಡಿದವರಿಗೆ ಅರ್ಜಿ ಹಾಕಲು ದಾರಿಯಾಯಿತು. ಗೇಣಿಯನ್ನೂ ಕಾಣದೆ ಬರೀ ಕೂಲಿ ಮಾಡಿದವರಿಗೆ, ಜೀತ ಇದ್ದವರಿಗೆ ಅರ್ಜಿಯಲ್ಲಿ ಬರೆಯಲು ಸರ್ವೆ ನಂಬರೇ ಇರಲಿಲ್ಲ. ಚಿಗವ್ವನ ಮಾತಿನಲ್ಲಿ ಆ ಕಾನೂನಿನ ವಿಮರ್ಶೆಯೂ ಇತ್ತು ಅಂತ ನಮಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು.

ಕುಷ್ಟಗಿಯ ಹುಡುಗರ ಕತೆ ಬೇರೆ. ಅವರ ಕಡೆಯ ಜನ ವರ್ಷಕ್ಕೆ ಎರಡು ಸಲ ಗುಂಪು ಕಟ್ಟಿಕೊಂಡು ಗಂಗಾವತಿ ಕಡೆ ಭತ್ತದ ನಾಟಿಗೆ, ಕೊಯ್ಲಿಗೆ ಇಳಿಯುತ್ತಿದ್ದರು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಬಂದ ಮೇಲೆ ಅಲ್ಲಿ ಆಂಧ್ರದಿಂದ ಬಂದವರ ಕ್ಯಾಂಪುಗಳಾದವು. ಕ್ಯಾಂಪಿನ ಮೈಕಿನಲ್ಲಿ ಘಂಟಸಾಲ ಹಾಡಿದ ತೆಲುಗು ಹಾಡುಗಳು. ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುವ ಹೆಣ್ಣುಮಕ್ಕಳು ಅರ್ಥ ತಿಳಿಯದೆ ಆ ಹಾಡು ಕಲಿತು ಬರುತ್ತಿದ್ದರು. ಒಂದು ಸಂಜೆ ಕ್ಯಾಂಪಿನ ಕಿರಾಣಿ ಅಂಗಡಿಯ ರೇಡಿಯೋದಲ್ಲಿ ರಾಜ್‌ಕುಮಾರ್ ಸಿನಿಮಾದ ಹಾಡು ಬಂತಂತೆ. ನಾಟಿ ಮಾಡಿದ ಹೆಂಗಸರೆಲ್ಲ ಅಂಗಡಿ ಮುಂದೆ ನಿಂತರಂತೆ. ಅಂಗಡಿಯವನು ಗದರಲಿಲ್ಲ. ನಮ್ಮ ಗೆಳೆಯನ ಅವ್ವ ಅಂದದ್ದು: “ಅಲ್ಲಿ ನಾವು ಯಾವ ಜಾತಿ ಅಂತ ಯಾರೂ ಕೇಳಲಿಲ್ಲ ಯಪ್ಪಾ. ಕನ್ನಡದಾವ್ರು ಅಂದ್ರು, ಸುಮ್ಕಾದ್ರು.” ಆ ತಾಯಿಗೆ ಆ ಹಾಡು ದೊಡ್ಡದಾದದ್ದು ರಾಗಕ್ಕಲ್ಲ. ಮೂರು ನಿಮಿಷ ಆಕೆ ಬರೀ ಕನ್ನಡದವಳಾಗಿದ್ದಳು. ಊರಿಗೆ ತಿರುಗಿ ಬಂದ ಮೇಲೆ ಮತ್ತೆ ಕೇರಿಯವಳಾದಳು.

ಹಾಸ್ಟೆಲ್ಲಿನಲ್ಲಿ ದೊಡ್ಡ ಜಗಳ ನಡೆದದ್ದು ದನಿಯ ಬಗ್ಗೆ. ‘ಬೇಡರ ಕಣ್ಣಪ್ಪ’ ೧೯೫೪ರಲ್ಲಿ ಬಂದ ಮೇಲೆ ಇಪ್ಪತ್ತು ವರ್ಷ ರಾಜ್‌ಕುಮಾರ್ ತುಟಿ ಆಡಿಸಿದ್ದು ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ದನಿಗೆ. ಮುಖ ಒಬ್ಬರದು, ದನಿ ಇನ್ನೊಬ್ಬರದು. ರಾಜ್‌ಕುಮಾರ್ ಐವತ್ತರ ದಶಕದಲ್ಲಿ ಒಂದೆರಡು ಸಲ ಹಾಡಿದ್ದು ಬಿಟ್ಟರೆ, ತಮ್ಮ ದನಿಯಿಂದಲೇ ನಾಡನ್ನು ಎಬ್ಬಿಸಿದ್ದು ೧೯೭೪ರ ‘ಸಂಪತ್ತಿಗೆ ಸವಾಲ್’ನಲ್ಲಿ, ಎಮ್ಮೆಯ ಮೇಲೆ ಕೂತು ಹಾಡುವ ಹಾಡಿನಲ್ಲಿ. ಅದರ ಮೂಲ ನಾಟಕ ಬರೆದವರು ಪಿ.ಬಿ. ಧುತ್ತರಗಿ. ಕುಷ್ಟಗಿಯ ಪಕ್ಕದ ಹುನಗುಂದ ತಾಲೂಕಿನ ಸೂಳೇಭಾವಿಯವರು. ಅವರ ನಾಟಕಗಳನ್ನು ಜಾತ್ರೆಯ ಕಂಪನಿಗಳಲ್ಲಿ ನಮ್ಮ ಹಿರಿಯರು ಸಿನಿಮಾಕ್ಕಿಂತ ಮೊದಲೇ ನೋಡಿದ್ದರು.

ಒಂದು ಪಕ್ಷ ಹೇಳುತ್ತಿತ್ತು: ಶ್ರೀನಿವಾಸರ ದನಿ ಮೆತ್ತಗೆ, ಮನಸ್ಸಿಗೆ ತಂಪು. ರಾಜ್‌ಕುಮಾರ್ ದನಿ ಒರಟು, ಮೂಗಿನದು. ಇನ್ನೊಂದು ಪಕ್ಷದ ವಾದ: ಒರಟಾದರೇನು, ಅದು ಬಯಲಿನ ದನಿ. ಮೈಕಿಲ್ಲದೆ ನಡುರಾತ್ರಿಯಲ್ಲಿ ಕೊನೆಯ ಸಾಲಿನವನಿಗೆ ಮುಟ್ಟಿಸುವ ಕಂಪನಿ ನಾಟಕದ ಗಂಟಲು. ನಮ್ಮ ದೊಡ್ಡಾಟದ ಸಾರಥಿಗೆ ಇರುವುದೂ ಇದೇ ಗಂಟಲು. ಕೇರಿಯಲ್ಲಿ ಎಮ್ಮೆ ಕಾಯುವ ಹುಡುಗರಂತೂ ಈ ಪಕ್ಷದವರೇ. ಸಿನಿಮಾದ ನಾಯಕ ಎಮ್ಮೆ ಮೇಲೆ ಕೂಡುವುದು ಅಂದರೆ ಅವರಿಗೆ ಹಿಗ್ಗು. ಅದರೊಳಗೂ ಒಬ್ಬ ತಕರಾರು ತೆಗೆದ: “ಅವ ಕುಂತಿದ್ದು ತನ್ನ ಎಮ್ಮಿ ಮ್ಯಾಲ. ನಾವು ಕಾಯೂದು ಗೌಡ್ರ ಎಮ್ಮಿ. ಹತ್ತಿ ಕುಂತ್ರ ಬೆನ್ನ ಮ್ಯಾಲ ಬಾಸುಂಡಿ ಬೀಳ್ತಾವ.”

ಆ ಜಗಳದಲ್ಲಿ ಸೋಲು ಗೆಲುವು ಆಗಲಿಲ್ಲ. ಆದರೆ ಒಂದು ಮಾತು ಉಳಿಯಿತು. ಇಷ್ಟು ವರ್ಷ ಬೇರೊಬ್ಬರ ದನಿಗೆ ತುಟಿ ಆಡಿಸಿದ ಮನುಷ್ಯ ಒಂದು ದಿನ ತನ್ನ ದನಿಯಲ್ಲೇ ಹಾಡಿಬಿಟ್ಟ ಎಂಬ ಮಾತು. ಅದಕ್ಕೂ ಒಂದು ವರ್ಷ ಮೊದಲು, ೧೯೭೩ರಲ್ಲಿ, ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದು ಅಂದಿದ್ದಕ್ಕೆ ನಾಡೆಲ್ಲ ಗಲಾಟೆಯಾಗಿತ್ತು. ಅದರ ಸುದ್ದಿ ನಮಗೆ ಹಾಸ್ಟೆಲ್ಲಿನ ಹಿರಿಯ ವಿದ್ಯಾರ್ಥಿಗಳಿಂದ ಬಂತು. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ನಮ್ಮ ಜನ ತಮ್ಮ ದನಿಯಲ್ಲೇ ಹಾಡುವ ಕಾಲ ಅದು. ರಾಜ್‌ಕುಮಾರ್ ದನಿಯ ಸಂಗತಿಯನ್ನು ಅದಕ್ಕೆ ಗಂಟು ಹಾಕುವುದು ದೊಡ್ಡ ಮಾತಾಗುತ್ತದೆ. ಆದರೆ ಹದಿನಾಲ್ಕು ವರ್ಷದ ಹುಡುಗರ ತಲೆಯಲ್ಲಿ ಇವೆರಡೂ ಒಂದೇ ಮೂಲೆಯಲ್ಲಿದ್ದವು.

ಈಗ ಹೇಳಬೇಕಾದದ್ದು ‘ಬಬ್ರುವಾಹನ’ದ ತಟ್ಟೆಯ ಬಗ್ಗೆ. ೧೯೭೭ರ ಸಿನಿಮಾ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ಟಿ.ಜಿ. ಲಿಂಗಪ್ಪ ಸಂಗೀತ. ಅರ್ಜುನನೂ ರಾಜ್‌ಕುಮಾರೇ, ಮಗ ಬಬ್ರುವಾಹನನೂ ರಾಜ್‌ಕುಮಾರೇ. ಯುದ್ಧಕ್ಕೆ ನಿಂತ ಅಪ್ಪ ಮಗ ಒಬ್ಬರನ್ನೊಬ್ಬರು ಹಂಗಿಸುತ್ತ ಹಾಡುವ ಹಾಡೊಂದಿದೆ. ಅದರಲ್ಲಿ ಅಪ್ಪನ ಪಾಲನ್ನು ಹಾಡಿದವರು ಪಿ.ಬಿ. ಶ್ರೀನಿವಾಸ್. ಮಗನ ಪಾಲನ್ನು ಹಾಡಿದವರು ರಾಜ್‌ಕುಮಾರ್. ಹಳೆಯ ದನಿ ಅಪ್ಪನದಾಯಿತು, ಹೊಸ ದನಿ ಮಗನದಾಯಿತು. ಅಪ್ಪ ಮಗನನ್ನು ಮಗ ಎಂದು ಒಪ್ಪುವುದಿಲ್ಲ. ತಾಯಿಯ ಶೀಲದ ಮೇಲೆ ಮಾತಾಡುತ್ತಾನೆ. ಮಗ ತಲೆ ತಗ್ಗಿಸುವುದಿಲ್ಲ. ನಿನ್ನ ಪರಾಕ್ರಮ ಎಷ್ಟು ಎಂಬುದು ಗೊತ್ತು ಎಂದು ಅಪ್ಪನ ಬಂಡವಾಳವನ್ನೆಲ್ಲ ಒಂದೊಂದಾಗಿ ಬಿಚ್ಚಿಡುತ್ತಾನೆ.

ನಮ್ಮ ತಾಲೂಕುಗಳಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಇತ್ತು. ಮುತ್ತು ಕಟ್ಟುವುದು ಅನ್ನುತ್ತಿದ್ದರು. ಬಿಟ್ಟದ್ದು ದೇವರ ಹೆಸರಿಗೆ, ಉಂಡವರು ಊರ ದೊಡ್ಡವರು. ಅಂಥ ತಾಯಂದಿರ ಮಕ್ಕಳು ನಮ್ಮ ಜೊತೆ ಆಡಿದವರು, ಓದಿದವರು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಕೇಳುವ ಮೊದಲ ಪ್ರಶ್ನೆ “ಅಪ್ಪನ ಹೆಸರೇನು?” ಆ ಪ್ರಶ್ನೆಗೆ ಅವ್ವ ಸೆರಗು ಹಿಡಿದುಕೊಂಡು ನೆಲ ನೋಡುವುದನ್ನು ನಮ್ಮ ಗೆಳೆಯನೊಬ್ಬ ಆರನೇ ವಯಸ್ಸಿಗೇ ನೋಡಿದ್ದ. ಅಪ್ಪ ಯಾರು ಎಂಬುದು ಇಡೀ ಊರಿಗೆ ಗೊತ್ತು. ಅವನ ಹೊಲದಲ್ಲೇ ಇವರು ಕೂಲಿ. ಎದುರಿಗೆ ಬಂದರೆ “ಯಪ್ಪಾ” ಅನ್ನುವಂತಿಲ್ಲ, “ಧಣ್ಯಾರ” ಅನ್ನಬೇಕು.

ಆ ಗೆಳೆಯ ಬಬ್ರುವಾಹನನ ಹಾಡನ್ನು ಎಷ್ಟು ಸಲ ಕೇಳಿದನೋ ಲೆಕ್ಕವಿಲ್ಲ. ಕೊಪ್ಪಳದಲ್ಲಿ ಯಾವ ಮದುವೆಯಲ್ಲಿ ಮೈಕು ಹಾಕಿದರೂ ಹೋಗಿ ಮೈಕ್ ಸೆಟ್ಟಿನವನಿಗೆ ಬೀಡಿ ಕೊಟ್ಟು ಆ ತಟ್ಟೆ ಹಾಕಿಸುತ್ತಿದ್ದ. ಎರಡೂ ಪಾಲುಗಳು ಅವನಿಗೆ ಬಾಯಿಪಾಠ. ಆದರೆ ಹಾಸ್ಟೆಲ್ಲಿನಲ್ಲಿ ಹಾಡುವಾಗ ಅಪ್ಪನ ಪಾಲನ್ನು ನಮ್ಮ ಕಡೆಯಿಂದ ಹಾಡಿಸುತ್ತಿದ್ದ. ಮಗನ ಪಾಲನ್ನು ಮಾತ್ರ ತಾನು ಹಾಡುತ್ತಿದ್ದ. ಹಾಡುವಾಗ ಅವನ ಕುತ್ತಿಗೆಯ ನರ ಉಬ್ಬುತ್ತಿದ್ದವು. ನಾವು ಯಾರೂ ನಗುತ್ತಿರಲಿಲ್ಲ. ಸಿನಿಮಾದ ಕೊನೆಯಲ್ಲಿ ಅಪ್ಪ ಮಗ ಒಂದಾಗುತ್ತಾರೆ, ನಿನಗೆ ಆ ಕೊನೆ ಸೇರಿತೇನು ಎಂದು ಒಮ್ಮೆ ಕೇಳಿದೆವು. ಅವನು ಅಂದ: “ಹಾಡು ಖರೆ. ಕತಿ ಸುಳ್ಳು.” ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ನೇರವಾದ ಸಿನಿಮಾ ವಿಮರ್ಶೆಯನ್ನು ನಾವು ಮುಂದೆ ಓದಿದ್ದು ಕಡಿಮೆ. ದೇವದಾಸಿ ಪದ್ಧತಿಯನ್ನು ತಡೆಯುವ ಕಾನೂನನ್ನು ಕರ್ನಾಟಕ ೧೯೮೨ರಲ್ಲಿ ಮಾಡಿತು. ಆ ಹೊತ್ತಿಗೆ ಆ ಗೆಳೆಯ ಶಾಲೆ ಬಿಟ್ಟು ದುಡಿಯಲು ಹೋಗಿದ್ದ.

ಎಲ್ಲ ಅಭಿಪ್ರಾಯಗಳೂ ಮೆಚ್ಚುಗೆಯವಲ್ಲ. ಹಾಡಿನ ಮೇಲೆ ಸಿಟ್ಟೂ ಇತ್ತು. ಆ ಸಿಟ್ಟಿಗೆ ಕಾರಣ ಹಲಗಿ. ಮದುವೆಗೆ, ಜಾತ್ರೆಗೆ, ಸಾವಿಗೆ, ಡಂಗುರಕ್ಕೆ ಹಲಗಿ ಬಾರಿಸುವುದು ಮಾದರ ಮನೆತನಗಳ ಕೆಲಸ. ಮೈಕ್ ಸೆಟ್ಟು ಬಂದ ಮೇಲೆ ಮದುವೆಯ ಹಲಗಿ ನಿಂತಿತು. ಸಾವಿನ ಹಲಗಿ ಮಾತ್ರ ಉಳಿಯಿತು. ಮದುವೆಯಲ್ಲಿ ಸಿಗುತ್ತಿದ್ದ ಕಾಳು, ಅರಿವೆ, ಊಟ ಹೋದವು. ಹಿರಿಯನೊಬ್ಬ ಹಲಗಿಯನ್ನು ಬೆಂಕಿಗೆ ಕಾಯಿಸುತ್ತ ಅಂದ: “ರಾಜಕುಮಾರ ಹಾಡ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಅವನ ತಟ್ಟಿ ನನ್ನ ತಾಟ ಕಸಗೊಂತು.”

ಅವನ ಮಗ ನಮ್ಮ ಜೊತೆ ಓದುತ್ತಿದ್ದ. ಅವನು ಎದುರು ನಿಂತ. “ಹೋಗ್ಲಿ ಬಿಡು ಯಪ್ಪಾ. ಅವ್ರ ಮದುವ್ಯಾಗ ನೀ ಬಿಸಲಾಗ ನಿಂತು ಬಾರಿಸೂದು, ಅವ್ರು ಉಂಡ ಮ್ಯಾಲ ಉಳದದ್ದು ನೀ ಉಣ್ಣೂದು. ಮೈಕ್ ಬಂದು ಚಲೋ ಆತು.” ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಕೇಳಿದ: “ಉಳದದ್ದು ಉಣ್ಣೂದು ಬ್ಯಾಡ, ಖರೆ. ಆದ್ರ ಬಾರಿಸೂದು ನನ್ನ ವಿದ್ಯಾ. ಅದನ್ನ ಎಲ್ಲಿ ಇಡ್ಲಿ?”

ಈ ಪ್ರಶ್ನೆಗೆ ಹಾಸ್ಟೆಲ್ಲಿನಲ್ಲಿ ಉತ್ತರ ಇರಲಿಲ್ಲ. ಮುಂದೆ ಸಂಘಟನೆಯ ಮೆರವಣಿಗೆಗಳಲ್ಲಿ ಹಲಗಿ ಬಂತು. ಹೋರಾಟದ ಹಾಡುಗಳಿಗೆ ಅದೇ ತಾಳವಾಯಿತು. ಅಂಬೇಡ್ಕರ್ ಜಯಂತಿಯಲ್ಲಿ ಬಾರಿಸಿದವರು ಯಾರ ಉಳಿದ ಊಟಕ್ಕೂ ಕಾಯಲಿಲ್ಲ. ಆ ಹಿರಿಯನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು. ಅರ್ಧ ಅಂತ ಯಾಕೆ ಅನ್ನುತ್ತೇವೆ ಅಂದರೆ, ವಿದ್ಯೆಗೆ ಗೌರವ ಬಂತು, ಹೊಟ್ಟೆಗೆ ಬರಲಿಲ್ಲ.

೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು. ಅದರಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡು ಹಾಡಿದರು. ಹೆಚ್ಚು ಶಾಲೆ ಕಲಿಯದ, ಗಾಜನೂರಿನಲ್ಲಿ ಹುಟ್ಟಿ ಗುಬ್ಬಿ ಕಂಪನಿಯಲ್ಲಿ ಬೆಳೆದ ಮನುಷ್ಯ ಸೂಟು ತೊಟ್ಟು ಇಂಗ್ಲಿಷ್ ಹಾಡಿದ್ದು ಕೇಳಿ ಹಾಸ್ಟೆಲ್ ಎರಡು ಹೋಳಾಯಿತು. ಇಂಗ್ಲಿಷಿನಲ್ಲಿ ನಪಾಸಾದವರೆಲ್ಲ ಹಾಡಿನ ಪರ. ‘ಅಣ್ಣಾವ್ರಿಗೇ ಬರತೈತಿ ಅಂದ್ರ ನಮಗ ಯಾಕ ಬರೂದಿಲ್ಲ’ ಎಂಬುದು ಅವರ ವಾದ. ಊರ ಹಿರಿಯರು ಮೂಗು ಮುರಿದರು. ಮುಂದೆ ಹೊಸ ಶತಮಾನದಲ್ಲಿ ಮೊಬೈಲುಗಳಲ್ಲಿ ಆ ಹಾಡು ಮತ್ತೆ ಓಡಾಡಿತು. ಪೇಟೆಯ ಹುಡುಗರು ಅದನ್ನು ತಮಾಷೆಗೆ ಕೇಳಿದರು. ನಾವು ಕೇಳಿದ್ದು ತಮಾಷೆಗಲ್ಲ. ನಮಗೆ ಇಂಗ್ಲಿಷ್ ಅಂದರೆ ಎಸ್ಸೆಸ್ಸೆಲ್ಸಿಯ ಗೋಡೆ. ಆ ಗೋಡೆಯ ಮೇಲೆ ಒಬ್ಬ ಕನ್ನಡದವನು ಕುಣಿದುಬಿಟ್ಟದ್ದನ್ನು ನಾವು ಕಂಡೆವು.

ಥಳಕಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಕೊಪ್ಪಳ ತಾಲೂಕಿನ ಹುಲಿಗಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹುಲಿಗೆಮ್ಮನ ಗುಡಿ ಇದೆ. ಗಂಡಾಗಿ ಹುಟ್ಟಿ ಸೀರೆ ಉಟ್ಟು, ಬಳೆ ತೊಟ್ಟು, ಅರಿಷಿಣ ಹಚ್ಚಿಕೊಂಡು, ತಲೆ ಮೇಲೆ ಕೊಡ ಹೊತ್ತು ಹಾಡಿ ಕುಣಿಯುವ ಜೋಗಪ್ಪಗಳನ್ನು, ಜೋಗತಿಯರನ್ನು ನಾವು ಹುಟ್ಟಿದಾಗಿನಿಂದ ಅಲ್ಲಿ ನೋಡಿದ್ದೇವೆ. ಇಂಗ್ಲೆಂಡಿನಲ್ಲಿ ಒಬ್ಬ ಗಂಡಸು ಬಣ್ಣ ಹಚ್ಚಿಕೊಂಡು ಹಾಡಿದರೆ ಅದು ಕ್ರಾಂತಿ ಎನಿಸಿತು, ತಟ್ಟೆಯಾಯಿತು, ಲಕ್ಷಗಟ್ಟಲೆ ಮಾರಿತು. ಹುಲಿಗಿಯ ಜೋಗತಿಯರಿಗೆ ಸಿಕ್ಕದ್ದು ಮೊರದಲ್ಲಿ ಜೋಳ, ಹಿಂದಿನಿಂದ ಹುಡುಗರ ಕಲ್ಲು. ಹುಲಿಗಿಯಲ್ಲಿ ಜೋಗತಿಯಾದ ಮಂಜಮ್ಮ ಜೋಗತಿ ಅವರು ೨೦೧೯ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಗೌರವ ಬಂತು, ಸಂತೋಷ. ಆದರೆ ನಮ್ಮ ಎಪ್ಪತ್ತರ ದಶಕದಲ್ಲಿ ಹಾಡಿ ಸತ್ತವರ ದನಿ ಯಾವ ತಟ್ಟೆಯಲ್ಲೂ ಇಲ್ಲ.

ನಮ್ಮ ಕೆಲವು ಗೆಳೆಯರು ಚಳವಳಿಗೆ ಬಂದ ಮೇಲೆ ಈ ಹಾಡುಗಳನ್ನೆಲ್ಲ ಬಿಟ್ಟೇಬಿಟ್ಟರು. ಅವರ ವಾದವನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ಸಿನಿಮಾಗಳ ನಾಯಕ ಒಳ್ಳೆಯವನು, ತಾಯಿಯ ಮಾತು ಮೀರದವನು, ಬಡವರಿಗೆ ಕೊಡುವವನು. ಕೊಡುವವನು ಯಾವಾಗಲೂ ಅವನೇ. ಪಡೆಯುವವರು ಯಾವಾಗಲೂ ನಾವೇ. ಒಳ್ಳೆಯ ಧಣಿ ಬಂದರೆ ಎಲ್ಲ ಸರಿಯಾಗುತ್ತದೆ ಎಂದು ನಂಬಿಸುವ ಹಾಡು ನಮಗೆ ಬೇಡ ಎಂದರು. ೧೯೭೯ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಇದೇ ವಾದ ಸಾಹಿತ್ಯದ ಬಗ್ಗೆಯೂ ನಡೆಯಿತು. ವಾದ ಸರಿಯಾದದ್ದು. ಆದರೆ ಅದು ಹಾಡಿನ ಬಗ್ಗೆ ಹೇಳುತ್ತದೆ, ಕೇಳಿದವರ ಬಗ್ಗೆ ಹೇಳುವುದಿಲ್ಲ. ನಮ್ಮ ಆಯಿ, ಚಿಗವ್ವ, ಬಬ್ರುವಾಹನನ ಪಾಲು ಹಾಡಿದ ಗೆಳೆಯ, ಇವರು ಯಾರೂ ಆ ಹಾಡುಗಳನ್ನು ನಂಬಿ ಮೋಸ ಹೋದವರಲ್ಲ. ತಮಗೆ ಬೇಕಾದದ್ದನ್ನು ಆರಿಸಿಕೊಂಡರು, ಉಳಿದದ್ದನ್ನು ತೂರಿದರು. ಮೊರ ಹಿಡಿದವರಿಗೆ ಕಾಳು ಯಾವುದು, ಹೊಟ್ಟು ಯಾವುದು ಎಂದು ಹೇಳಿಕೊಡಬೇಕಾಗಿಲ್ಲ.

ರಾಜ್‌ಕುಮಾರ್ ತಮ್ಮ ಕೇಳುಗರನ್ನು ಅಭಿಮಾನಿ ದೇವರು ಎಂದು ಕರೆದರು. ಅವರು ಮನಸ್ಸಿನಿಂದಲೇ ಹಾಗೆ ಕರೆದರು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಕೇರಿಯ ಹಿರಿಯನೊಬ್ಬ ಅದನ್ನು ಕೇಳಿ ಅಂದ: “ನಮ್ಮನ್ನ ದೇವ್ರು ಅಂದಾನ, ದೊಡ್ಡ ಮನಸು. ಆದ್ರ ಗುಡಿ ಒಳಗ ಬಿಡದ ದೇವ್ರು ನಾವು.” ೨೦೦೬ರ ಏಪ್ರಿಲ್ ೧೨ರಂದು ರಾಜ್‌ಕುಮಾರ್ ತೀರ್ಕೊಂಡಾಗ ಆ ಹಿರಿಯ ಬದುಕಿರಲಿಲ್ಲ. ಅವನ ಮಾತು ಬದುಕಿದೆ. ೨೦೨೧ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತರ ಎರಡು ವರ್ಷದ ಕೂಸು ಗುಡಿಯೊಳಗೆ ಹೋಯಿತೆಂದು ತಂದೆ-ತಾಯಿಗೆ ದಂಡ ಹಾಕಲು ಹೊರಟರು. ಅದಕ್ಕೂ ಮೊದಲು, ೨೦೧೪ರ ಆಗಸ್ಟಿನಲ್ಲಿ, ಗಂಗಾವತಿಯಲ್ಲಿ ಸಿನಿಮಾ ಟಿಕೇಟಿನ ಜಗಳ ಮರಕುಂಬಿಗೆ ಹೋಗಿ ದಲಿತರ ಗುಡಿಸಲುಗಳಿಗೆ ಬೆಂಕಿಯಾಯಿತು. ೨೦೨೪ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ ೯೮ ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಅಲ್ಲಿಂದ ಹೈಕೋರ್ಟಿಗೆ ಹೋಯಿತು. ಹಾಡು ಈಗ ಎಲ್ಲರ ಕಿಸೆಯಲ್ಲಿದೆ. ಕೇರಿಯ ಹುಡುಗನೂ ಬೇಕಾದ ಹಾಡನ್ನು ಬೇಕಾದಾಗ ಕೇಳುತ್ತಾನೆ. ಆದರೆ ಎಲ್ಲಿ ನಿಂತು, ಯಾರ ಪಕ್ಕ ಕೂತು ನೋಡಬೇಕು, ಕೇಳಬೇಕು ಎಂಬ ಜಗಳ ಮುಗಿದಿಲ್ಲ.

ಹಳ್ಳಿಯ ಶಾಲೆಗಳಲ್ಲಿರುವ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ನಾವು ಕೇಳುವುದು ಒಂದೇ. ನಿಮ್ಮ ಊರ ಕೇರಿಗಳಲ್ಲಿ ಅರವತ್ತು, ಎಪ್ಪತ್ತು ದಾಟಿದವರು ಇನ್ನೂ ಇದ್ದಾರೆ. ಅವರ ಹತ್ತಿರ ಹೋಗಿ ಜಾತಿ ಯಾವುದು, ಕಷ್ಟ ಏನಿತ್ತು ಎಂದು ಕೇಳುವವರು ಬಹಳ ಜನ ಬಂದುಹೋಗಿದ್ದಾರೆ. ನೀವು ಹಾಡಿನ ಬಗ್ಗೆ ಕೇಳಿ. ಯಾವ ಹಾಡು ಸೇರಿತು, ಯಾವುದು ಸೇರಲಿಲ್ಲ, ಎಲ್ಲಿ ನಿಂತು ಕೇಳಿದ್ರಿ, ಯಾಕ ಸೇರಲಿಲ್ಲ ಎಂದು ಕೇಳಿ. ಅವರು ಅಂದದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ದುಡಿಮೆ, ಹೊಲ, ಅಪ್ಪ, ಗುಡಿ, ಹಲಗಿ ಎಲ್ಲವೂ ಆ ಮಾತಿನಲ್ಲಿ ತಾವಾಗಿಯೇ ಬರುತ್ತವೆ. ತಟ್ಟೆಗಳನ್ನು ಯಾರೋ ಜೋಪಾನ ಮಾಡಿದ್ದಾರೆ. ಕೇಳಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.